ರೈಸ್ ಮಿಲ್ಲಿನಿಂದ ಜೀನ್ಸ್ ಘಟಕದವರೆಗೆ ಚಕ್ರೀಯ ಆರ್ಥಿಕತೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಉದ್ದಿಮೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಚಕ್ರೀಯ ಆರ್ಥಿಕತೆ ಅಂದರೆ ಉಳಿದದ್ದನ್ನು ಮಾರುವುದು ತಾನೇ? ನಮ್ಮ ಕಡೆ ಅದು ಅಜ್ಜನ ಕಾಲದಿಂದ ನಡೆದೇ ಇದೆಯಲ್ಲ?

ಅರ್ಧ ನಿಜ. ಬಳಸಿದ ವಸ್ತುವನ್ನು ಎಸೆಯದೆ ಮತ್ತೆ ಮತ್ತೆ ಬಳಕೆಗೆ ತರುವುದೇ ಚಕ್ರೀಯ ಆರ್ಥಿಕತೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಮಿಲ್ಲುಗಳಲ್ಲಿ ತೌಡು ಎಣ್ಣೆ ಕಾರ್ಖಾನೆಗೆ, ಹೊಟ್ಟು ಬಾಯ್ಲರಿಗೆ, ನುಚ್ಚು ಕೋಳಿ ಆಹಾರಕ್ಕೆ ಹೋಗುತ್ತದೆ. ರಾಯಚೂರಿನ ಹತ್ತಿಕಾಳು ಎಣ್ಣೆಯಾಗಿ, ಹಿಂಡಿಯಾಗಿ, ಎಮ್ಮೆಯ ಹಾಲಾಗಿ ತಿರುಗುತ್ತದೆ. ಈ ಜಾಣತನ ಇಲ್ಲಿಯದೇ.

ಹೊಸದಾಗಿ ಸೇರಿರುವುದು ಎರಡು. ಮೊದಲನೆಯದು ಕ್ರಮ: ಉಳಿಕೆಯನ್ನೇ ಕಡಿಮೆ ಮಾಡುವುದು ಮೊದಲು, ಆಮೇಲೆ ಹಾಗೇ ಮರುಬಳಕೆ, ಆಮೇಲೆ ಕಚ್ಚಾ ಮಾಲಾಗಿ ಸಂಸ್ಕರಣೆ, ಆಮೇಲೆ ಉರುವಲು, ಕೊನೆಗೆ ಹೂಳುವುದು. ಎರಡನೆಯದು ಲೆಕ್ಕ. ಎಷ್ಟು ಕೆ.ಜಿ. ಬಂತು, ಎಷ್ಟು ಹೋಯಿತು, ಹೋದದ್ದು ಏನಾಯಿತು ಎಂಬುದಕ್ಕೆ ಚೀಟಿ ಇರಬೇಕು. ಈ ಪುಟದ ಹೆಚ್ಚಿನ ಭಾಗ ಎರಡನೆಯದರ ಬಗ್ಗೆ, ಏಕೆಂದರೆ ನಮ್ಮ ಭಾಗದ ಉದ್ದಿಮೆಗಳು ಸೋಲುವುದು ಕೆಲಸದಲ್ಲಲ್ಲ, ತೂಕದ ಲೆಕ್ಕದಲ್ಲಿ.

ಇದರ ವರದಿ ಕೊಡುವುದು ಕಡ್ಡಾಯವೇ?

ಯಾರು ಎಂಬುದರ ಮೇಲೆ ಹೋಗುತ್ತದೆ. ಷೇರುಪೇಟೆಯಲ್ಲಿ ನೋಂದಾಯಿತವಾದ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಕಂಪನಿಗಳು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಬಿಆರ್‌ಎಸ್‌ಆರ್ (ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ) ವರದಿಯನ್ನು 2022-23ರಿಂದ ಕಡ್ಡಾಯವಾಗಿ ಕೊಡಬೇಕು. ಅದರಲ್ಲಿ ತ್ಯಾಜ್ಯವನ್ನು ಬಗೆಬಗೆಯಾಗಿ ಟನ್ ಲೆಕ್ಕದಲ್ಲಿ ತೋರಿಸಬೇಕು: ಹುಟ್ಟಿದ್ದೆಷ್ಟು, ಮರುಬಳಕೆ ಮತ್ತು ಸಂಸ್ಕರಣೆಗೆ ಹೋದದ್ದೆಷ್ಟು, ಸುಟ್ಟಿದ್ದು ಹೂಳಿದ್ದು ಎಷ್ಟು. 2023ರ ಜುಲೈಯಲ್ಲಿ ಬಂದ ಬಿಆರ್‌ಎಸ್‌ಆರ್ ಕೋರ್ ಎಂಬ ಚಿಕ್ಕ ಪಟ್ಟಿಗೆ ಹೊರಗಿನವರಿಂದ ದೃಢೀಕರಣ ಅಥವಾ ಮೌಲ್ಯಮಾಪನವೂ ಬೇಕು. ಅದರ ಒಂಬತ್ತು ಅಂಶಗಳಲ್ಲಿ ಒಂದು ನೇರವಾಗಿ ಚಕ್ರೀಯತೆಯದೇ. ದೃಢೀಕರಣ 2023-24ರಲ್ಲಿ ಮೊದಲ 150 ಕಂಪನಿಗಳಿಂದ ಶುರುವಾಗಿ 2026-27ಕ್ಕೆ 1000 ಕಂಪನಿಗಳಿಗೆ ವಿಸ್ತರಿಸುತ್ತದೆ.

ನಿಮ್ಮ ಮಿಲ್ಲು, ಜಿನ್ನಿಂಗ್ ಘಟಕ, ಜೀನ್ಸ್ ವಾಷಿಂಗ್ ಘಟಕಕ್ಕೆ ಸೆಬಿ ನಿಯಮ ನೇರವಾಗಿ ತಗಲುವುದಿಲ್ಲ. ಶಕ್ತಿನಗರದ ಆರ್‌ಟಿಪಿಎಸ್, ಕುಡಿತಿನಿಯ ಬಿಟಿಪಿಎಸ್ ಎಂಬ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳನ್ನು ನಡೆಸುವ ಕೆಪಿಸಿಎಲ್ (ಕರ್ನಾಟಕ ವಿದ್ಯುತ್ ನಿಗಮ) ಸರ್ಕಾರಿ ಕಂಪನಿ, ಷೇರುಪೇಟೆಯಲ್ಲಿಲ್ಲ. ಅದಕ್ಕೂ ಬಿಆರ್‌ಎಸ್‌ಆರ್ ಅನ್ವಯಿಸುವುದಿಲ್ಲ, ಆದರೆ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿಯ ನಿಯಮ ಪೂರ್ತಿ ಅನ್ವಯಿಸುತ್ತದೆ.

ಹಾಗಾದರೆ ನಮಗೆ ಯಾವ ಕಾಗದವೂ ಬೇಡವೇ?

ಬೇಕು, ಮತ್ತು ಈಗಾಗಲೇ ಕೊಡುತ್ತಿದ್ದೀರಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆದ ಪ್ರತಿ ಘಟಕವೂ ಮಾರ್ಚ್ 31ಕ್ಕೆ ಮುಗಿದ ವರ್ಷದ ಪರಿಸರ ಹೇಳಿಕೆಯನ್ನು ಸೆಪ್ಟೆಂಬರ್ 30ರೊಳಗೆ ನಮೂನೆ 5ರಲ್ಲಿ ಸಲ್ಲಿಸಬೇಕು. ಅದರಲ್ಲಿ ಒಂದು ಟನ್ ಉತ್ಪನ್ನಕ್ಕೆ ಎಷ್ಟು ನೀರು, ಎಷ್ಟು ಕಚ್ಚಾ ಮಾಲು ಎಂಬ ಅಂಕಣವಿದೆ. ಘನತ್ಯಾಜ್ಯದಲ್ಲಿ ಘಟಕದೊಳಗೇ ಮರುಬಳಸಿದ್ದೆಷ್ಟು, ಮಾರಿದ್ದೆಷ್ಟು, ವಿಲೇವಾರಿ ಮಾಡಿದ್ದೆಷ್ಟು ಎಂಬುದೂ ಇದೆ. ಹಿಂದಿನ ವರ್ಷ, ಈ ವರ್ಷ ಎರಡನ್ನೂ ಪಕ್ಕಪಕ್ಕ ಬರೆಯಬೇಕು. ಚಕ್ರೀಯತೆಯ ವರದಿಯ ಅರ್ಧ ಭಾಗ ಅಲ್ಲೇ ಇದೆ. ಇದನ್ನು ಏಜೆಂಟರ ಕೈಗೆ ಕೊಟ್ಟು ಹಳೆಯ ಅಂಕಿಗಳನ್ನೇ ನಕಲು ಮಾಡಿಸುವ ರೂಢಿ ಬಹಳ ಕಡೆ ಇದೆ. ಅದನ್ನು ಬಿಡಬೇಕು. ಮೂರು ವರ್ಷ ಒಂದೇ ಅಂಕಿ ಇದ್ದರೆ ಅಳೆದೇ ಇಲ್ಲ ಎಂದು ಓದುವವರಿಗೆ ತಿಳಿದುಹೋಗುತ್ತದೆ.

ನಮ್ಮ ಮಾಲು ಕೊಳ್ಳುವ ದೊಡ್ಡ ಕಂಪನಿ ಪ್ರಶ್ನಾವಳಿ ಕಳಿಸಿದೆ. ಏಕೆ?

ಅವರ ವರದಿಯಲ್ಲಿ ಪೂರೈಕೆದಾರರ ಅಂಕಿಯೂ ಸೇರುವ ದಿನ ಬಂದಿದೆ. ಮೊದಲ 250 ಕಂಪನಿಗಳು ತಮ್ಮ ಖರೀದಿ ಅಥವಾ ಮಾರಾಟದ ಮೌಲ್ಯದಲ್ಲಿ ತಲಾ 2% ಅಥವಾ ಹೆಚ್ಚು ಪಾಲಿರುವವರ ವಿವರವನ್ನು 2025-26ರಿಂದ ಸ್ವಯಂಪ್ರೇರಿತವಾಗಿ ಕೊಡಬಹುದೆಂದು ಸೆಬಿ ಹೇಳಿದೆ. ಸಣ್ಣ ಘಟಕ ಆ 2%ರೊಳಗೆ ಬರುವುದು ಅಪರೂಪ. ಆದರೂ ಖರೀದಿ ವಿಭಾಗದವರು ಎಲ್ಲರಿಗೂ ಒಂದೇ ಪ್ರಶ್ನಾವಳಿ ಕಳಿಸುತ್ತಾರೆ. ಗೊತ್ತಿಲ್ಲದ ಕಡೆ ಸೊನ್ನೆ ಹಾಕಬೇಡಿ, "ಅಳತೆ ಇಲ್ಲ" ಎಂದು ಬರೆಯಿರಿ. ಸೊನ್ನೆ ಅಂದರೆ ತ್ಯಾಜ್ಯವೇ ಹುಟ್ಟಿಲ್ಲ ಎಂಬ ಹೇಳಿಕೆ. ಅದಕ್ಕೆ ನೀವು ಹೊಣೆಯಾಗುತ್ತೀರಿ.

ಎಲ್ಲಿಂದ ಶುರು ಮಾಡಬೇಕು?

ಗೇಟಿನಿಂದ. ಸಲಹೆಗಾರರಿಂದಲ್ಲ, ಸಾಫ್ಟ್‌ವೇರಿನಿಂದಲೂ ಅಲ್ಲ.

ಗೇಟಿನ ಗುಮಾಸ್ತರ ಮೇಜಿನ ಮೇಲೆ ಒಂದು ಉದ್ದ ರಿಜಿಸ್ಟರ್ ಇಡಿ. ಅದರಲ್ಲಿ ಹತ್ತು ಕಾಲಂ: ದಿನಾಂಕ, ವಸ್ತು, ಯಾವ ವಿಭಾಗದಿಂದ ಬಂತು, ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ನಿವ್ವಳ, ಒಣ ಅಥವಾ ಹಸಿ, ಯಾರಿಗೆ ಹೋಯಿತು, ಅವರು ಅದರಿಂದ ಏನು ಮಾಡುತ್ತಾರೆ, ಕಾಟಾ ಚೀಟಿಯ ನಂಬರು. ಕೊನೆಯ ಮೂರು ಕಾಲಂಗಳನ್ನೇ ಜನ ಖಾಲಿ ಬಿಡುತ್ತಾರೆ. ದೃಢೀಕರಣಕ್ಕೆ ಬಂದವರು ಮೊದಲು ನೋಡುವುದೂ ಅವನ್ನೇ.

"ಒಂದು ಟ್ರಾಲಿ", "ಹತ್ತು ಚೀಲ" ಎಂದು ಬರೆಯಬೇಡಿ. ಹೊಟ್ಟಿನ ಟ್ರಾಲಿಗೂ ಬೂದಿಯ ಟ್ರಾಲಿಗೂ ತೂಕದಲ್ಲಿ ಅಜಗಜಾಂತರ. ಸ್ವಂತ ಕಾಟಾ ಇಲ್ಲದವರು ಒಂದು ವಾರ ಪ್ರತಿ ಗಾಡಿಯನ್ನೂ ಹೊರಗಿನ ಕಾಟಾದಲ್ಲಿ ತೂಗಿಸಿ ಸರಾಸರಿ ಕಂಡುಕೊಳ್ಳಿ. ಆಮೇಲೆ ತಿಂಗಳಿಗೊಂದು ಸಲ ತೂಗಿ ಸರಾಸರಿಯನ್ನು ತಿದ್ದಿಕೊಳ್ಳಿ. ಅಂದಾಜು ಮಾಡಿದ ಸಾಲಿನ ಮುಂದೆ "ಅಂದಾಜು" ಎಂದೇ ಬರೆದಿರಬೇಕು.

ರೈಸ್ ಮಿಲ್ಲಿನ ಲೆಕ್ಕ ಕೂಡುವುದೇ ಇಲ್ಲ. ಬಂದ ಭತ್ತಕ್ಕೂ ಹೊರಟ ಮಾಲಿಗೂ ಟನ್‌ಗಟ್ಟಲೆ ವ್ಯತ್ಯಾಸ. ತಪ್ಪು ಎಲ್ಲಿದೆ?

ಹೆಚ್ಚಿನ ಸಲ ತೇವಾಂಶದಲ್ಲಿ. 100 ಟನ್ ಭತ್ತ 17% ತೇವದಲ್ಲಿ ಬಂತು, 13%ಗೆ ಒಣಗಿಸಿದಿರಿ ಎಂದುಕೊಳ್ಳಿ. 83ನ್ನು 87ರಿಂದ ಭಾಗಿಸಿ 100ರಿಂದ ಗುಣಿಸಿ: ಉಳಿಯುವುದು 95.4 ಟನ್. 4.6 ಟನ್ ನೀರು ಗಾಳಿಗೆ ಹೋಯಿತು. ಅದು ತ್ಯಾಜ್ಯವಲ್ಲ, ಕಳವೂ ಅಲ್ಲ.

ಆ 95.4 ಟನ್ನಿನಲ್ಲಿ ಹೊಟ್ಟು 21% ಇದ್ದರೆ 20 ಟನ್, ತೌಡು 7% ಇದ್ದರೆ 6.7 ಟನ್, ನುಚ್ಚೂ ಸೇರಿ ಅಕ್ಕಿ 69% ಇದ್ದರೆ 65.8 ಟನ್. ಉಳಿದ 3 ಟನ್ನಿನಷ್ಟು ಜೊಳ್ಳು, ಹುಲ್ಲುಕಡ್ಡಿ, ಕಲ್ಲು, ದೂಳು. ತಳಿ ಮತ್ತು ಯಂತ್ರಕ್ಕೆ ತಕ್ಕಂತೆ ಈ ಶೇಕಡಾವಾರು ಬದಲಾಗುತ್ತದೆ. ಆದ್ದರಿಂದ ಒಂದು ಪಾಳಿಯ ಮಾಲನ್ನು ಪೂರ್ತಿ ತೂಗಿ ನಿಮ್ಮದೇ ಅಂಕಿ ಕಂಡುಕೊಳ್ಳಿ.

ಇನ್ನು ಬೂದಿಯಿಂದ ಬಾಯ್ಲರನ್ನೇ ಪರೀಕ್ಷಿಸಬಹುದು. ಹೊಟ್ಟು ಚೆನ್ನಾಗಿ ಉರಿದರೆ ತೂಕದ 18ರಿಂದ 20% ಬೂದಿ ಉಳಿಯುತ್ತದೆ. 12 ಟನ್ ಉರಿಸಿದರೆ 2.2ರಿಂದ 2.4 ಟನ್. ರಿಜಿಸ್ಟರಿನಲ್ಲಿ 4 ಟನ್ ಇದೆಯೇ? ಬೂದಿಗೆ ನೀರು ಹೊಡೆದಿದ್ದಾರೆ, ಇಲ್ಲವೇ ಹೊಟ್ಟು ಅರೆಬೆಂದು ಹೊರಬರುತ್ತಿದೆ. ಒಣ ಬೂದಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿ. ಕಪ್ಪಾಗಿ ಮಸಿ ಹತ್ತಿದರೆ ಇಂಗಾಲ ಉಳಿದಿದೆ, ಅಂದರೆ ನಿಮ್ಮ ಉರುವಲೇ ಬೂದಿಗುಂಡಿ ಸೇರುತ್ತಿದೆ. ಗಾಳಿಯ ಹದ, ಹೊಟ್ಟು ಬೀಳುವ ವೇಗ ಸರಿಪಡಿಸಬೇಕು. 1 ಟನ್ ಮಾತ್ರ ಇದೆಯೇ? ಉಳಿದದ್ದು ಚಿಮಣಿಯಿಂದ ಊರಿನ ಮೇಲೆ, ಇಲ್ಲವೇ ಕಾಲುವೆ ದಂಡೆಗೆ ಹೋಗಿದೆ.

ಹೊಟ್ಟಿನ ಬೂದಿಯನ್ನು ಯಾರು ಕೊಳ್ಳುತ್ತಾರೆ?

ಅದರಲ್ಲಿ 85%ಕ್ಕೂ ಹೆಚ್ಚು ಸಿಲಿಕಾ. ಉಕ್ಕು ಕಾರ್ಖಾನೆಗಳಲ್ಲಿ ಕರಗಿದ ಉಕ್ಕಿನ ಮೇಲೆ ಶಾಖ ಹಾರಿಹೋಗದಂತೆ ಮುಚ್ಚಿಗೆಯಾಗಿ ಹಾಕುತ್ತಾರೆ. ಈ ಭಾಗಕ್ಕೆ ಅದು ಒಳ್ಳೆಯ ಹೊಂದಿಕೆ. ಸಿಮೆಂಟಿನ ಜೊತೆ ಬೆರೆಸಬೇಕಾದರೆ ಇಂಗಾಲ ಕಡಿಮೆ ಇರಬೇಕು, ಉರಿ ಸುಮಾರು 700 ಡಿಗ್ರಿ ಮೀರಿರಬಾರದು. ಮೀರಿದರೆ ಸಿಲಿಕಾ ಹರಳುಗಟ್ಟಿ ಸಿಮೆಂಟಿನೊಡನೆ ಬೆರೆತು ಗಟ್ಟಿಯಾಗುವ ಗುಣ ಕಳೆದುಕೊಳ್ಳುತ್ತದೆ. ಹರಳುಗಟ್ಟಿದ ಸಿಲಿಕಾ ದೂಳು ಶ್ವಾಸಕೋಶಕ್ಕೆ ಹೊಕ್ಕರೆ ವಾಸಿಯಾಗದ ರೋಗ ತರುತ್ತದೆ. ಬೂದಿ ತುಂಬುವ ಹಮಾಲರಿಗೆ ಟವೆಲ್ ಸಾಲದು, ಸರಿಯಾದ ಮಾಸ್ಕ್ ಕೊಡಲೇಬೇಕು.

ತೂಗುವ ಮೊದಲು ನೀರು ಹೊಡೆಯುವುದು ದೂಳಿಗೆ ಒಳ್ಳೆಯದು, ಲೆಕ್ಕಕ್ಕೆ ಕೆಟ್ಟದ್ದು. ಕಾಟಾ ಚೀಟಿಯಲ್ಲಿ ತುಂಬಿದ ಟ್ರಾಲಿ 5,860, ಖಾಲಿ 2,940, ನಿವ್ವಳ 2,920 ಕೆ.ಜಿ. ಇದೆ, ತೇವ 25% ಎಂದರೆ ಒಣ ಬೂದಿ 2,190 ಕೆ.ಜಿ. ಮಾತ್ರ. ವರದಿಗೆ ಹೋಗಬೇಕಾದದ್ದು ಒಣ ತೂಕ.

ತೌಡನ್ನು ಹತ್ತು ದಿನ ಇಟ್ಟು ಒಟ್ಟಿಗೆ ಕಳಿಸಬಹುದೇ?

ಬೇಡ. ಅಕ್ಕಿಯಿಂದ ಬೇರೆಯಾದ ಕ್ಷಣದಿಂದಲೇ ತೌಡಿನೊಳಗಿನ ಕಿಣ್ವ ಎಣ್ಣೆಯನ್ನು ಒಡೆಯಲು ಶುರುಮಾಡುತ್ತದೆ, ಆಮ್ಲ ಏರುತ್ತದೆ, ತಿನ್ನುವ ಎಣ್ಣೆಯಾಗಬೇಕಾದದ್ದು ಸೋಪಿನ ಎಣ್ಣೆಯಾಗುತ್ತದೆ. ಸಾಧ್ಯವಾದರೆ ಅಂದಂದೇ ಕಳಿಸಿ.

ಹತ್ತಿ ಕಟ್ಟಿಗೆಯಿಂದ ಪೆಲೆಟ್ (ಪುಡಿಯನ್ನು ಒತ್ತಿ ಮಾಡಿದ ಉರುವಲು ಗುಳಿಗೆ) ಮಾಡುವ ಘಟಕ ಹಾಕಬೇಕೆಂದಿದ್ದೇವೆ. ಏನು ನೋಡಬೇಕು?

ಬೇಡಿಕೆ ಇದೆ: ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಜೈವಿಕ ಪೆಲೆಟ್‌ಗಳನ್ನು 2024-25ರಿಂದ 5% ಬೆರೆಸಿ ಉರಿಸಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯದ ನೀತಿ ಹೇಳುತ್ತದೆ. ಕೆಡುವುದು ಎರಡು ಕಡೆ. ಬೇರು ಸಮೇತ ಕಿತ್ತ ಕಟ್ಟಿಗೆಗೆ ಎರೆಮಣ್ಣು ಅಂಟಿರುತ್ತದೆ. ಮಣ್ಣು ಯಂತ್ರದ ಡೈಯನ್ನು, ಅಂದರೆ ಅಚ್ಚನ್ನು, ತಿನ್ನುತ್ತದೆ, ಬೂದಿ ಏರಿಸುತ್ತದೆ, ಮಾಲು ತಿರಸ್ಕಾರವಾಗುತ್ತದೆ. ಎರಡನೆಯದು ತೇವ: 12%ಕ್ಕಿಂತ ಹೆಚ್ಚಿದ್ದರೆ ಪೆಲೆಟ್ ಹಿಡಿತಕ್ಕೆ ಬಾರದೆ ಪುಡಿಯಾಗುತ್ತದೆ. ರೈತರಿಗೆ ಇದರಿಂದ ಇನ್ನೊಂದು ಲಾಭವೂ ಇದೆ. ಹೊಲದಲ್ಲಿ ಬಿಟ್ಟ ಗಿಡ, ಒಣಕಾಯಿಗಳಲ್ಲೇ ಗುಲಾಬಿ ಕಾಯಿಕೊರಕ ಮುಂದಿನ ಹಂಗಾಮಿಗೆ ಉಳಿದುಕೊಳ್ಳುತ್ತದೆ. ಬೇಗ ಕಿತ್ತು ಸಾಗಿಸಿದರೆ ಹುಳದ ಕಾಟವೂ ತಗ್ಗುತ್ತದೆ.

ಬಳ್ಳಾರಿಯ ಜೀನ್ಸ್ ಘಟಕ ನಮ್ಮದು. ಕತ್ತರಿ ಚಿಂದಿಯನ್ನು ಕೆ.ಜಿ.ಗೆ ಇಷ್ಟೆಂದು ಮಾರುತ್ತೇವೆ. ಇದಕ್ಕಿಂತ ಹೆಚ್ಚು ಏನು ಮಾಡಬಹುದು?

ಮೊದಲು ಚಿಂದಿಯನ್ನೇ ಕಡಿಮೆ ಮಾಡಿ. ಕಟಿಂಗ್ ಮೇಜಿನ ಮೇಲೆ ಅಳತೆಗಳನ್ನು ಜೋಡಿಸುವ ಮಾರ್ಕರ್‌ನಲ್ಲೇ ನಷ್ಟ ತೀರ್ಮಾನವಾಗುತ್ತದೆ. ಒಂದೇ ಸೈಜನ್ನು ಸಾಲಾಗಿ ಇಡುವ ಬದಲು ದೊಡ್ಡ ಸೈಜು ಚಿಕ್ಕ ಸೈಜು ಬೆರೆಸಿ ಇಟ್ಟರೆ ಸಂದು ತುಂಬುತ್ತದೆ. ಬಟ್ಟೆಯ ಅಗಲ ಥಾನಿನಿಂದ ಥಾನಿಗೆ ಒಂದೆರಡು ಇಂಚು ಬದಲಾಗುತ್ತದೆ. ಅಗಲದ ಪ್ರಕಾರ ಥಾನು ವಿಂಗಡಿಸದೆ ಎಲ್ಲವನ್ನೂ ಕಿರಿದಾದ ಅಗಲಕ್ಕೇ ಕತ್ತರಿಸಿದರೆ ಅಂಚಿನ ಪಟ್ಟಿ ಪೂರ್ತಿ ಚಿಂದಿಗೆ ಹೋಗುತ್ತದೆ.

ಉಳಿದ ಚಿಂದಿಗೆ ಮೂರು ಚೀಲ ಇಡಿ, ಕತ್ತರಿಸುವ ಮೇಜಿನ ಪಕ್ಕದಲ್ಲೇ. ಒಂದರಲ್ಲಿ ಶುದ್ಧ ಹತ್ತಿ ಡೆನಿಮ್, ಇನ್ನೊಂದರಲ್ಲಿ ಲೈಕ್ರಾ ಬೆರೆತ ಸ್ಟ್ರೆಚ್ ಬಟ್ಟೆ, ಮೂರನೆಯದರಲ್ಲಿ ಜೇಬಿನ ಬಟ್ಟೆ, ಲೇಬಲ್, ದಾರ. ದಿನದ ಕೊನೆಗೆ ರಾಶಿ ಹಾಕಿ ವಿಂಗಡಿಸುತ್ತೇವೆ ಅಂದರೆ ಆಗುವ ಮಾತಲ್ಲ. ಅಂಗೈ ಅಗಲದ ತುಂಡುಗಳಲ್ಲಿ ಲೈಕ್ರಾ ಯಾವುದು ಎಂದು ಪ್ರತಿಯೊಂದನ್ನೂ ಎಳೆದೆಳೆದು ನೋಡಬೇಕಾಗುತ್ತದೆ. ಚಿಂದಿಯನ್ನು ಹಿಂಜಿ ಮತ್ತೆ ನೂಲು ಮಾಡುವವರಿಗೆ ಲೈಕ್ರಾ ಬೇಡ, ಅದು ಹಿಂಜುವ ಹಲ್ಲುಗಳಿಗೆ ಸುತ್ತಿಕೊಳ್ಳುತ್ತದೆ. ಒಂದು ಗುಂಡಿ ಅಥವಾ ರಿವೆಟ್ ಒಳಗೆ ಹೋದರೆ ಹಲ್ಲು ಮುರಿಯುತ್ತದೆ, ಕಿಡಿ ಹಾರಿದರೆ ಬೆಂಕಿಯೂ ಹತ್ತಬಹುದು.

ಹಿಂಜಿದ ನಾರು ಗಿಡ್ಡವಾಗಿರುವುದರಿಂದ ಹೊಸ ನಾರಿನ ಜೊತೆ ಬೆರೆಸಿಯೇ ನೂಲು ತೆಗೆಯುತ್ತಾರೆ. ಆದ್ದರಿಂದ "ನಮ್ಮ ಚಿಂದಿ ಮತ್ತೆ ಜೀನ್ಸ್ ಆಗುತ್ತದೆ" ಎಂದು ಬರೆಯುವ ಮೊದಲು ಕೊಂಡವರನ್ನು ಕೇಳಿ. ಹಾಸಿಗೆ ತುಂಬಲು ಹೋದರೆ ಹಾಸಿಗೆ ಎಂದೇ ಬರೆಯಿರಿ. ಬಾಯ್ಲರಿಗೆ ಹೋದರೆ ಉರುವಲು ಎಂದು ಬರೆಯಿರಿ.

ವಾಷಿಂಗ್ ಘಟಕದ ಇಟಿಪಿ (ಕೊಳೆನೀರು ಶುದ್ಧೀಕರಣ ಘಟಕ) ಸ್ಲಡ್ಜ್, ಅಂದರೆ ಕೆಸರು, ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆಯಾಗಿದೆ. ಸಾಧನೆ ಎಂದು ತೋರಿಸಬಹುದೇ?

ಒಣಗಿಸುವ ಹಾಸು ಹೊಸದಾಗಿ ಕಟ್ಟಿದ್ದೀರಾ? ಹಾಗಿದ್ದರೆ ಇಳಿದದ್ದು ನೀರು. 75% ತೇವದ 1,000 ಕೆ.ಜಿ. ಸ್ಲಡ್ಜಿನಲ್ಲಿ ಘನ ವಸ್ತು 250 ಕೆ.ಜಿ. ಬಳ್ಳಾರಿ ಬಿಸಿಲಿಗೆ 30% ತೇವಕ್ಕೆ ಇಳಿದರೆ ಅದೇ ಸ್ಲಡ್ಜ್ 357 ಕೆ.ಜಿ. ತೂಗುತ್ತದೆ. ಸಾಗಣೆ ಖರ್ಚು ಉಳಿಯಿತು, ಅದು ನಿಜವಾದ ಲಾಭ. ಆದರೆ ತ್ಯಾಜ್ಯ ಒಂದು ಕೆ.ಜಿ.ಯೂ ಕಡಿಮೆಯಾಗಿಲ್ಲ. ನಿಜವಾಗಿ ಕಡಿಮೆಯಾಗುವುದು ಜೀನ್ಸ್ ಬಣ್ಣ ಮಾಸಿಸಲು ಹಾಕುವ ಪ್ಯೂಮಿಸ್ ಕಲ್ಲಿನ ಬದಲು ಎನ್‌ಜೈಮ್ ವಾಷ್ ಮಾಡಿದಾಗ. ಕಲ್ಲು ಸವೆದ ಪುಡಿಯೇ ಸ್ಲಡ್ಜಿನ ದೊಡ್ಡ ಪಾಲು, ಜೊತೆಗೆ ಯಂತ್ರದ ಡ್ರಮ್ಮೂ ಪಂಪೂ ಸವೆಯುತ್ತವೆ.

ಈ ಸ್ಲಡ್ಜ್ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರುತ್ತದೆ. ಹೊಲಕ್ಕೆ, ತಗ್ಗು ತುಂಬಲು ಕೊಡುವಂತಿಲ್ಲ. ಮಂಡಳಿಯ ಅಧಿಕಾರಪತ್ರ ಇರುವ ವಿಲೇವಾರಿ ಕೇಂದ್ರಕ್ಕೆ ಅಥವಾ ಅನುಮತಿ ಪಡೆದ ಸಿಮೆಂಟ್ ಗೂಡಿಗೆ ಮಾತ್ರ ಹೋಗಬೇಕು.

ಅಪಾಯಕಾರಿ ತ್ಯಾಜ್ಯದ ಕಾಗದಗಳು ಯಾವುವು?

2016ರ ನಿಯಮದಂತೆ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ದಿನದ ದಾಖಲೆ ನಮೂನೆ 3ರಲ್ಲಿ, ಸಾಗಣೆಗೆ ನಮೂನೆ 10ರ ಮ್ಯಾನಿಫೆಸ್ಟ್ ಎಂಬ ರವಾನೆ ಚೀಟಿ, ವಾರ್ಷಿಕ ಲೆಕ್ಕ ನಮೂನೆ 4ರಲ್ಲಿ ಜೂನ್ 30ರೊಳಗೆ. ಜನರೇಟರಿನ ಹಳೆ ಎಣ್ಣೆಯೂ ಇದರೊಳಗೇ ಬರುತ್ತದೆ. ಅದನ್ನು ಬಾಗಿಲಿಗೆ ಬಂದು ಡಬ್ಬಿಯಲ್ಲಿ ಕೊಳ್ಳುವವರಿಗೆ ಸುರಿದು ಕೊಡಬೇಡಿ, ನೋಂದಾಯಿತ ಸಂಸ್ಕರಣೆದಾರರಿಗೇ ಕೊಡಿ. ಬ್ಯಾಟರಿಗೆ 2022ರ ಪ್ರತ್ಯೇಕ ನಿಯಮವಿದೆ: ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಹಿಂತಿರುಗಿಸಿ ರಸೀದಿ ಪಡೆಯುವುದು ಸುಲಭದ ದಾರಿ.

ಕೊಪ್ಪಳದ ಸ್ಪಾಂಜ್ ಐರನ್ ಘಟಕಗಳು ಏನನ್ನು ತೋರಿಸಬೇಕು?

ಮುಖ್ಯವಾಗಿ ಚಾರ್ ಮತ್ತು ಬಿಸಿ ಅನಿಲ. ಸ್ಪಾಂಜ್ ಐರನ್ ಎಂದರೆ ಅದಿರನ್ನು ಕರಗಿಸದೆ ಕಲ್ಲಿದ್ದಲಿನ ಜೊತೆ ಗೂಡಿನಲ್ಲಿ ಕಾಯಿಸಿ ಪಡೆದ ಕಬ್ಬಿಣ, ಚಾರ್ ಎಂದರೆ ಆಗ ಪೂರ್ತಿ ಉರಿಯದೆ ಉಳಿದ ಕಲ್ಲಿದ್ದಲು. ಒಂದು ಟನ್ ಸ್ಪಾಂಜ್ ಐರನ್ನಿಗೆ 200ರಿಂದ 300 ಕೆ.ಜಿ. ಚಾರ್ ಹೊರಬರುತ್ತದೆ. ಇನ್ನೂ ಉರಿಯುವ ಇಂಗಾಲ ಅದರಲ್ಲಿದೆ, ಫ್ಲೂಯಿಡೈಸ್ಡ್ ಬೆಡ್ ಬಾಯ್ಲರಿನಲ್ಲಿ ಕಲ್ಲಿದ್ದಲಿನ ಜೊತೆ ಉರಿಸಬಹುದು. ರಾಶಿ ಹಾಕಿಟ್ಟರೆ ಗಾಳಿಗೆ ಸುತ್ತಲಿನ ಹೊಲದ ಬೆಳೆ ಕಪ್ಪಾಗುತ್ತದೆ. ಈ ಭಾಗದ ರೈತರ ದೂರು ಇದೇ, ಮತ್ತು ಅದು ನ್ಯಾಯವಾದ ದೂರು. ಗೂಡಿನಿಂದ ಹೊರಡುವ 900 ಡಿಗ್ರಿ ಮೀರಿದ ಅನಿಲದಿಂದ ಉಗಿ ಮಾಡಿದರೆ ದಿನಕ್ಕೆ 100 ಟನ್ನಿನ ಗೂಡಿಗೆ ಸುಮಾರು 2 ಮೆಗಾವಾಟ್ ವಿದ್ಯುತ್ ಸಿಗುತ್ತದೆ. ಅನಿಲದ ವಿದ್ಯುತ್ತನ್ನು ಇಂಧನದ ಅಂಕಣದಲ್ಲಿ ತೋರಿಸಿ, ತ್ಯಾಜ್ಯದ ಅಂಕಣದಲ್ಲಿ ಸೇರಿಸಬೇಡಿ. ಚಾರ್ ಸುಟ್ಟ ಮೇಲೆ ಉಳಿಯುವ ಬೂದಿಯನ್ನು ಮತ್ತೆ ತ್ಯಾಜ್ಯವೆಂದೇ ಬರೆಯಬೇಕು. ಬಹಳ ವರದಿಗಳಲ್ಲಿ ಈ ಸಾಲು ಕಾಣೆಯಾಗಿರುತ್ತದೆ.

ಹಾರುಬೂದಿ ಇಟ್ಟಿಗೆ ಅಂಚು ಉದುರುತ್ತದೆ, ಒಡೆಯುತ್ತದೆ. ಬೂದಿಯದೇ ತಪ್ಪೇ?

ಮೊದಲು ಬೂದಿ ಎಲ್ಲಿಂದ ಬಂತು ನೋಡಿ. ಚಿಮಣಿಗೆ ಮೊದಲಿನ ಇಎಸ್‌ಪಿಯಿಂದ (ವಿದ್ಯುತ್ತಿನಿಂದ ದೂಳು ಹಿಡಿಯುವ ಯಂತ್ರ) ಹಿಡಿದ ಒಣ ಬೂದಿ ನಯವಾಗಿರುತ್ತದೆ, ಸುಣ್ಣ ಅಥವಾ ಸಿಮೆಂಟಿನೊಡನೆ ಚೆನ್ನಾಗಿ ಕೂಡುತ್ತದೆ. ಬೂದಿ ಕೆರೆಯಿಂದ ತೋಡಿದ್ದು ದಪ್ಪ, ಹಸಿ. ಎರಡಕ್ಕೂ ಒಂದೇ ಅಳತೆ ಹಾಕಿದರೆ ಇಟ್ಟಿಗೆ ಸೋಲುತ್ತದೆ. ಸಾಮಾನ್ಯ ಮಿಶ್ರಣ ಬೂದಿ 50ರಿಂದ 60%, ಕಲ್ಲುಪುಡಿ ಅಥವಾ ಮರಳು 25ರಿಂದ 30%, ಸಿಮೆಂಟ್ 8ರಿಂದ 12%. ಬೂದಿಯಲ್ಲಿ ಉರಿಯದ ಇಂಗಾಲ ಹೆಚ್ಚಿದ್ದರೆ ನೀರು ಹೆಚ್ಚು ಕುಡಿಯುತ್ತದೆ. ಸಿಮೆಂಟಿಗೆ ಬೆರೆಸುವ ಬೂದಿಗೆ ಭಾರತೀಯ ಮಾನಕ ಐಎಸ್ 3812 ಹೇಳುವ 5%ರ ಮಿತಿಯನ್ನು ಇಲ್ಲಿಯೂ ಪಾಲಿಸುವುದು ಕ್ಷೇಮ.

ಆದರೆ ಹೆಚ್ಚಿನ ಇಟ್ಟಿಗೆ ಕೆಡುವುದು ಕ್ಯೂರಿಂಗಿನಲ್ಲಿ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಎರಡು ಸಲ ಪೈಪು ಹಿಡಿದರೆ ಸಾಲದು, ಅರ್ಧ ಗಂಟೆಯಲ್ಲಿ ಮೇಲ್ಮೈ ಒಣಗಿಬಿಡುತ್ತದೆ. ಗೋಣಿಚೀಲ ಹೊದಿಸಿ ನೆರಳಲ್ಲಿ ಎರಡು ವಾರ ಸದಾ ಒದ್ದೆಯಾಗಿಡಿ.

2021ರ ಡಿಸೆಂಬರ್ 31ರ ಅಧಿಸೂಚನೆಯಂತೆ ಸ್ಥಾವರಗಳು ಬೂದಿಯನ್ನು ಪೂರ್ತಿ ಬಳಕೆಗೆ ಕೊಡಬೇಕು, ಉಳಿಸಿಕೊಂಡರೆ ಟನ್ನಿಗೆ 1000 ರೂಪಾಯಿ ಪರಿಸರ ಪರಿಹಾರ ಕಟ್ಟಬೇಕು. ಈ ಒತ್ತಡ ಇಟ್ಟಿಗೆ ಘಟಕಗಳ ಪರವಾಗಿದೆ. ಸಾಗಣೆ ವೆಚ್ಚದ ಮಾತುಕತೆಯಲ್ಲಿ ಅದನ್ನು ನೆನಪಿಡಿ.

ಉಕ್ಕಿನ ಸ್ಲ್ಯಾಗನ್ನು (ಲೋಹ ಕರಗಿಸಿದಾಗ ಬೇರೆಯಾಗುವ ಕಿಟ್ಟವನ್ನು) ಜಲ್ಲಿಯ ಬದಲು ಹಾಕಬಹುದೇ?

ಯಾವ ಸ್ಲ್ಯಾಗ್ ಎಂದು ಕೇಳಿಕೊಳ್ಳಿ. ಬ್ಲಾಸ್ಟ್ ಫರ್ನೇಸಿನ ಕಬ್ಬಿಣದ ಸ್ಲ್ಯಾಗನ್ನು ಐಎಸ್ 383:2016 ಪ್ರಕಾರ ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ 25%ವರೆಗೆ ಬಳಸಬಹುದು. ಉಕ್ಕು ತಯಾರಿಕೆಯ ಸ್ಲ್ಯಾಗನ್ನು ಅಂಥ ಕಾಂಕ್ರೀಟಿನಲ್ಲಿ ಸ್ವಲ್ಪವೂ ಬಳಸುವಂತಿಲ್ಲ. ಅದರೊಳಗಿನ ಬಿಡಿ ಸುಣ್ಣ ನೀರು ಕುಡಿದು ಉಬ್ಬುತ್ತದೆ, ಚಾವಣಿ ಸೀಳುತ್ತದೆ. ರಸ್ತೆಯ ತಳಕ್ಕೆ ಹಾಕುವ ಮೊದಲೂ ತಿಂಗಳುಗಟ್ಟಲೆ ನೀರುಣಿಸಿ ಹಳತು ಮಾಡಿ, ಉಬ್ಬುವಿಕೆಯ ಪರೀಕ್ಷೆ ಮಾಡಿಸಬೇಕು.

ಸುಟ್ಟು ಶಾಖ ಪಡೆದರೆ ಅದು ಮರುಬಳಕೆಯೇ?

ಅಲ್ಲ, ಇಂಧನವಾಗಿ ಬಳಕೆ. ಬೇರೆ ಸಾಲಿನಲ್ಲಿ ಬರೆಯಿರಿ.

ಗುಜರಿಯವರ ಬಿಲ್ಲು ಸಾಕಲ್ಲವೇ?

ಬಿಲ್ಲು ಮಾರಾಟಕ್ಕೆ ಸಾಕ್ಷಿ, ಸಂಸ್ಕರಣೆಗಲ್ಲ. ಕೊಂಡವರಿಂದ ವರ್ಷಕ್ಕೊಮ್ಮೆ ಒಂದು ಪುಟದ ಪತ್ರ ಪಡೆಯಿರಿ: ಯಾವ ವಸ್ತು, ಎಷ್ಟು ಕೆ.ಜಿ., ಯಾವ ಕಾರ್ಖಾನೆಗೆ ಹೋಯಿತು, ಅಲ್ಲಿ ಏನಾಯಿತು. ಮಧ್ಯವರ್ತಿ ಹೇಳಲು ಒಪ್ಪದಿದ್ದರೆ ಆ ತೂಕವನ್ನು "ಮಾರಿದ್ದು, ಅಂತಿಮ ಬಳಕೆ ಖಚಿತವಿಲ್ಲ" ಎಂಬ ಸಾಲಿಗೆ ಹಾಕಿ.

ಶೇಕಡಾವಾರು ಹೇಗೆ ಲೆಕ್ಕ ಹಾಕುವುದು?

ಮರುಬಳಸಿದ ಮತ್ತು ಸಂಸ್ಕರಿಸಿದ ತೂಕವನ್ನು ಒಟ್ಟು ಹುಟ್ಟಿದ ತ್ಯಾಜ್ಯದ ತೂಕದಿಂದ ಭಾಗಿಸಿ 100ರಿಂದ ಗುಣಿಸಿ. ಜೊತೆಗೆ ಒಂದು ಟನ್ ಉತ್ಪನ್ನಕ್ಕೆ ಎಷ್ಟು ಕೆ.ಜಿ. ತ್ಯಾಜ್ಯ ಎಂಬುದನ್ನೂ ಕೊಡಿ. ವಹಿವಾಟಿನ ರೂಪಾಯಿಗೆ ಎಷ್ಟು ಎಂಬ ಅಂಕಿಯೊಂದನ್ನೇ ನೆಚ್ಚಬೇಡಿ: ಅಕ್ಕಿಯ ದರ ಏರಿದ ವರ್ಷ ಏನೂ ಮಾಡದೆ ಅದು ಇಳಿಯುತ್ತದೆ, ದರ ಬಿದ್ದ ವರ್ಷ ನಿಮ್ಮ ಪರಿಶ್ರಮವನ್ನೆಲ್ಲ ಮುಚ್ಚಿಹಾಕುತ್ತದೆ. ಹೋಲಿಕೆಯ ಮೊದಲ ವರ್ಷವನ್ನಾಗಿ ತುಂಗಭದ್ರಾ ಕಾಲುವೆಗೆ ಎರಡು ಬೆಳೆಗೂ ನೀರು ಬಂದು ಮಿಲ್ಲು ಪೂರ್ತಿ ಓಡಿದ ವರ್ಷವನ್ನು ಆರಿಸಿ. ಬರದ ವರ್ಷ ಆರಿಸಿದರೆ ಮುಂದಿನ ವರ್ಷಗಳ ಹೋಲಿಕೆ ಸರಿಯಾಗಿ ಕೂಡುವುದಿಲ್ಲ.

ಐಎಸ್‌ಒ (ಅಂತರರಾಷ್ಟ್ರೀಯ ಮಾನಕ) ಬೇಕೇ?

ಸಣ್ಣ ಘಟಕಕ್ಕೆ ಬೇಡ. 2024ರ ಮೇಯಲ್ಲಿ ಬಂದ ಐಎಸ್‌ಒ 59020 ಚಕ್ರೀಯತೆ ಅಳೆಯುವ ಕ್ರಮ ಹೇಳುತ್ತದೆ. ಲೆಕ್ಕ ಬರೆಯುವವರು ಒಮ್ಮೆ ಓದಿಕೊಂಡರೆ ಒಳ್ಳೆಯದು.

ಅಕ್ಕಿ ಚೀಲದ ಮೇಲೆ "ಶೂನ್ಯ ತ್ಯಾಜ್ಯ ಮಿಲ್" ಎಂದು ಅಚ್ಚು ಹಾಕಿಸಬಹುದೇ?

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಹಸಿರು ಹೇಳಿಕೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಪುರಾವೆ ಇಲ್ಲದ ಇಂಥ ಮಾತು ದಾರಿ ತಪ್ಪಿಸುವ ಜಾಹೀರಾತಾಗುತ್ತದೆ. "ನಮ್ಮ ಹೊಟ್ಟಿನ ಬೂದಿ ಪೂರ್ತಿ ಉಕ್ಕು ಕಾರ್ಖಾನೆಗೆ ಹೋಗುತ್ತದೆ" ಎಂದು ಬರೆಯಿರಿ, ಹಿಂದೆ ಕಾಟಾ ಚೀಟಿಗಳಿದ್ದರೆ.

ಚೀಟಿಗಳನ್ನು ಹೇಗೆ ಇಡಬೇಕು?

ಕಾಟಾದ ಥರ್ಮಲ್ ಕಾಗದದ ಅಕ್ಷರ ನಮ್ಮ ಬೇಸಿಗೆಗೆ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಬಂದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದು ತಿಂಗಳ ಹೆಸರಿನ ಫೋಲ್ಡರಿಗೆ ಹಾಕಿ, ಚೀಟಿ ನಂಬರನ್ನು ರಿಜಿಸ್ಟರಿನಲ್ಲಿ ಪೆನ್ನಿನಿಂದ ಬರೆಯಿರಿ. ತಿಂಗಳ ಕೊನೆಗೆ ಐದು ಸಾಲುಗಳನ್ನು ಎಲ್ಲೆಂದರಲ್ಲಿ ಆರಿಸಿ, ಚೀಟಿ, ಬಿಲ್ಲು, ರಿಜಿಸ್ಟರ್ ಮೂರೂ ಹೊಂದುತ್ತವೆಯೇ ಎಂದು ಮಾಲೀಕರೇ ನೋಡಬೇಕು. ದೃಢೀಕರಣಕ್ಕೆ ಬಂದವರು ಮಾಡುವುದೂ ಇದನ್ನೇ.